ನಮ್ಮ ಮಾತು ಬರೀ ನಗಸಾಕಷ್ಟ ಏನ್ರಿ?

(ವಿಜಯಪುರದಾಗ ಕಾಲೇಜ್ ಹುಡುಗ್ರು, ನಾಟಕದ ಮಂದಿ ಕೂಡಿದ್ದ ಒಂದು ಸಂಜೀ ಕಾರ್ಯಕ್ರಮದಾಗ ಮಾತಾಡಿದ್ದು. ಬರದು ಕೊಡ್ರಿ ಅಂತ ಗೆಳ್ಯಾರು ಕೇಳಿದ್ರು. ಮಾತಿನ ಧಾಟಿ ಹಂಗ ಇಟ್ಟೀನಿ, ಆಮ್ಯಾಲ ನೆನಪಾಗಿದ್ದು ನಾಕು ಮಾತು ನಡುವ ಸೇರಿಸೀನಿ.)

ಎಲ್ಲಾರಿಗೂ ಶರಣ್ರಿ.

ಇತ್ತೀಚಿಗಿ ಬಂದಿರೋ ಸಿನಿಮಾ, ವೆಬ್ ಸೀರೀಸ್ ಬಗ್ಗೆ ಮಾತಾಡ್ರಿ ಅಂತ ಕರದೀರಿ. ಯಾವ್ದು ನೋಡಬೇಕು ಯಾವ್ದು ಬಿಡಬೇಕು ಅನ್ನೂದನ್ನ ನಿಮ್ಮ ಮೊಬೈಲ್‌ನಾಗ ದಿನಾ ಹತ್ತು ಮಂದಿ ಸ್ಟಾರ್ ಕೊಟ್ಟು ಹೇಳ್ತಾರ, ಅದನ್ನ ನಾ ಮತ್ತ ಹೇಳೂದಿಲ್ಲ. ನಂದು ಹೇಳೂದು ಒಂದ ಐತಿ. ಹಿಂದಿನ ಹತ್ತು ಹನ್ನೊಂದು ವರ್ಷದಾಗ ನನ್ನ ಮನಸಿಗಿ ಹತ್ತಿದ ಸಿನಿಮಾ, ಸೀರೀಸ್ ಎಲ್ಲಾ ಒಂದೊಂದು ಊರು ಗಟ್ಟಿ ಹಿಡಕೊಂಡು ಕುಂತಾವ, ಆ ಊರಿನ ಮಾತು, ಆ ಊರಿನ ಜಗಳ, ಅಲ್ಲಿ ಮಂದಿ ದೇವ್ರಿಗೆ ಹೆಂಗ ಅಂಜತಾರ, ಮರ್ಯಾದಿ ಅಂದ್ರ ಏನಂತ ತಿಳಕೊಂಡಾರ, ಎಲ್ಲಾ ಅದರೊಳಗ ಬಂದೈತಿ. ಕರಾವಳಿಯವ್ರು ಮಾಡಿದ್ರು, ಮಲೆನಾಡಿನವ್ರು ಮಾಡಿದ್ರು, ಮಂಡ್ಯದವ್ರು ಮಾಡಿದ್ರು, ನಮ್ಮ ಬಾಜೂಕ ಸೊಲ್ಲಾಪುರದ ಕಡೆಯವ್ರು ಮರಾಠಿಯೊಳಗ ಮಾಡಿದ್ರು. ವಿಜಯಪುರ, ಬಾಗಲಕೋಟಿ, ಬೆಳಗಾವಿ ಮಾತ್ರ ಕನ್ನಡ ಸಿನಿಮಾದಾಗ ಇನ್ನೂ ಹೀರೋನ ಗೆಳ್ಯಾನ ಜಾಗಾದಾಗ, ನಗಸೋ ಪೊಲೀಸನ ಜಾಗಾದಾಗ, ಇಲ್ಲಂದ್ರ ಮಚ್ಚು ಹಿಡದ ವಿಲನ್ನಿನ ಹಿಂದ ನಿಂತೈತಿ. ಇದು ಭಾಳ ದಿನದಿಂದ ನನಗ ಸಂಕಟ ಆಗಿ ಕುಂತೈತ್ರಿ.

ಮೊದಲ ಸು ಫ್ರಮ್ ಸೋ ತಗೋರಿ. 2025ರ ಜುಲೈ 25ಕ್ಕ ಬಂತು. ದೊಡ್ಡ ಸ್ಟಾರ್ ಇಲ್ಲ, ಫೈಟ್ ಇಲ್ಲ, ಫಾರಿನ್ ಹಾಡಿಲ್ಲ. ಡೈರೆಕ್ಟರ್ ಜೆ.ಪಿ. ತುಮಿನಾಡು ಅವ್ರು ನಾಟಕದಿಂದ ಬಂದವ್ರು, ಅಶೋಕನ ಪಾತ್ರಾನೂ ಅವ್ರ ಮಾಡ್ಯಾರ, ರಾಜ್ ಬಿ. ಶೆಟ್ಟಿ ಅವ್ರು ರೊಕ್ಕಾ ಹಾಕಿದವ್ರಾಗ ಒಬ್ರು, ತಾವೂ ಒಂದು ಸ್ವಾಮೀ ಪಾತ್ರ ಹಾಕ್ಯಾರ. ಕತಿ ಇಷ್ಟ: ಅಶೋಕ ಅನ್ನೋ ಹುಡುಗ ರಾತ್ರಿ ಯಾರದೋ ಬಚ್ಚಲಮನಿ ಕಡೆ ಇಣಕಿ ನೋಡಾಕ ಹೋಗಿ ಸಿಕ್ಕೊಂತಾನ, ಮರ್ಯಾದಿ ಹೋಗ್ತೈತಿ ಅಂತ ಮೈಮ್ಯಾಲ ದೆವ್ವ ಬಂದಂಗ ಮಾಡ್ತಾನ, ಊರಿಗೆ ಊರ ಅದನ್ನ ನಂಬತೈತಿ. ದೆವ್ವದ ಹೆಸರು ಸುಲೋಚನಾ, ಸೋಮೇಶ್ವರದಾಕಿ. ಅರ್ಧ ಸಿನಿಮಾ ನಾವು ನಕ್ಕೂ ನಕ್ಕೂ ಸುಸ್ತಾಗ್ತೀವಿ, ಊರಿಗೆಲ್ಲಾ ದೊಡ್ಡ ಅಣ್ಣ ಆಗಿ ಓಡಾಡೋ ರವಿಯಣ್ಣ ಒಳಗೊಳಗ ಅಂಜೂದು ನೋಡಿದ್ರಂತೂ ಕೇಳಬ್ಯಾಡ್ರಿ. ಅಷ್ಟೊತ್ತಿಗೆ ಆ ಸುಲೋಚನಾಳ ಮಗಳು ಭಾನು ಬರ್ತಾಳ. ಅಕಿ ಬಂದು ಮಾತಾಡಾಕ ನಿಂತ ಕೂಡ್ಲೇ ಥಿಯೇಟರ್ ಒಳಗ ಸಪ್ಪಳ ನಿಂತು ಹೋತು. ಯಾಕಂದ್ರ ಅಲ್ಲಿ ತನಕ ನಾವು ನಕ್ಕಿದ್ದು ಒಬ್ಬ ಗಂಡಸು ಇಣಕಿ ನೋಡಿದ್ದರ ಮ್ಯಾಲ, ಸತ್ತ ಒಬ್ಬ ಹೆಣ್ಣಮಗಳ ಹೆಸರಿನ ಮ್ಯಾಲ. ಅಕಿಗೆ ಒಂದು ಜೀವನ ಇತ್ತು, ಒಬ್ಬಾಕಿ ಮಗಳು ಅದಾಳ ಅನ್ನೂದು ಊರಿನವ್ರ ತಲಿಗೂ ಬಂದಿರಲಿಲ್ಲ, ನೋಡವ್ರ ತಲಿಗೂ ಬಂದಿರಲಿಲ್ಲ. ಆ ಸುಳ್ಳ ಕಡೀಕ ಭಾನೂನ ಆಸರಕ್ಕ ಬರ್ತೈತಿ. ಈ ತಿರುವಿನ ಸಲುವಾಗಿ ನಾ ಆ ಸಿನಿಮಾನ ದೊಡ್ಡ ಸಿನಿಮಾ ಅಂತೀನಿ. ಕ್ಲೈಮ್ಯಾಕ್ಸ್ ಸ್ವಲ್ಪ ಅವಸರ ಆತು, ಭಾನೂಗ ಇನ್ನೊಂದು ಹತ್ತು ನಿಮಿಷ ಕೊಡಬೇಕಿತ್ತು ಅನ್ನೂದು ನನ್ನ ಅಭಿಪ್ರಾಯ.

ಈಗ ವಿಚಾರ ಮಾಡ್ರಿ, ಸಿನಿಮಾದಾಗ ಇರೋದೆಲ್ಲಾ ಅಪ್ಪಟ ಮಂಗಳೂರು ಕಡೆ ಕನ್ನಡ. ನಮ್ಮ ವಿಜಯಪುರದ ಮಂದಿ ಕುಂತು ನೋಡಿದ್ರು, ಒಂದು ಮಾತೂ ತಿಳಿಲಿಲ್ಲ ಅಂತ ಯಾರೂ ಎದ್ದು ಹೋಗಲಿಲ್ಲ. ನೂರು ಕೋಟಿ ಮ್ಯಾಲ ದುಡ್ಡು ಬಂತು ಅಂತ ಪೇಪರ್‌ನಾಗ ಬಂತು. ಹಂಗಂದ್ರ "ಆ ಭಾಷಾ ಹಾಕಿದ್ರ ಉಳಿದ ಜಿಲ್ಲಾದವ್ರಿಗೆ ತಿಳಿಯೂದಿಲ್ಲ" ಅಂತ ನಮಗ ಇಷ್ಟು ವರ್ಷ ಹೇಳಿಕೊಂಡು ಬಂದಿದ್ದು ಖರೇ ಅಲ್ಲ. ಇನ್ನೊಂದು ಮಾತು, ಆ ಮಂಗಳೂರಿನ ಕಡೆ ಬಿಲ್ಡಿಂಗ್ ಕಟ್ಟಾಕ, ರೋಡ್ ಹಾಕಾಕ ಹೋಗಾವ್ರು ಯಾರು? ವಿಜಯಪುರ, ಬಾಗಲಕೋಟಿ ಹಳ್ಳಿ ಮಂದಿ. ಹೆಂಡ್ತಿ ಮಕ್ಕಳ ಕರಕೊಂಡು ಹೋಗಿ ಶೆಡ್ ಹಾಕ್ಕೊಂಡು ಇರ್ತಾರ. ಅವ್ರ ಕತಿ ಎಲ್ಲಿ ಐತಿ?

ಕಾಂತಾರ ಬಗ್ಗೆ ಹೇಳಲಿಲ್ಲ ಅಂದ್ರ ನೀವು ಬಿಡೂದಿಲ್ಲ. 2022ರ ಸೆಪ್ಟೆಂಬರ್ 30ಕ್ಕ ಮೊದಲು ಬರೀ ಕನ್ನಡದಾಗ ಬಂದಿದ್ದು ಅದು, ಎರಡು ವಾರ ಆದ ಮ್ಯಾಲ ಹಿಂದಿಗೆ ಹೋತು. ರಿಷಬ್ ಶೆಟ್ಟಿ ಅವ್ರಿಗೆ ನ್ಯಾಷನಲ್ ಅವಾರ್ಡ್ ಬಂತು, ಆ ಕಡೀ ಇಪ್ಪತ್ತು ನಿಮಿಷಕ್ಕ ಬರಬೇಕಾಗಿದ್ದ. 2025ರ ಅಕ್ಟೋಬರ್ 2ಕ್ಕ ಬಂದ ಚಾಪ್ಟರ್ 1 ಕದಂಬರ ಕಾಲಕ್ಕ ಹೋಗ್ತೈತಿ, ಕಾಡು, ಕೋಟಿ, ಯುದ್ಧ ಎಲ್ಲಾ ಭಾರೀ ದೊಡ್ಡದು, ಖರ್ಚು ಕಣ್ಣಿಗೆ ಕಾಣ್ತೈತಿ, ಆದ್ರ ನನಗ ಮೊದಲನೇದರ ಮ್ಯಾಲ ಇರೋ ಪ್ರೀತಿ ಇದರ ಮ್ಯಾಲ ಹುಟ್ಟಲಿಲ್ಲ. ಮೊದಲನೇದರಾಗ ಜಮೀನು ಯಾರದು ಅನ್ನೋ ಜಗಳ ಇತ್ತು, ಫಾರೆಸ್ಟ್ ಆಫೀಸರ್ ಬಂದು ಗಡಿ ಗುರ್ತು ಮಾಡ್ತಾನ, ಊರಿನವ್ರು ಕಟಗಿ ತರಾಕ ಹೋದ್ರ ಕೇಸ್ ಆಗ್ತೈತಿ, ಅದು ನಮಗೆಲ್ಲಾ ಗೊತ್ತಿರೋ ಜಗಳ. ಎರಡನೇದರಾಗ ರಾಜರ ಜಗಳ ಆತು. ಇರ್ಲಿ. ಅವ್ರು ತಮ್ಮ ದೈವ, ತಮ್ಮ ಕಾಡು, ತಮ್ಮ ಇತಿಹಾಸ ಅಂತ ಅಷ್ಟು ದುಡ್ಡು ಹಾಕಿ ನಿಂತ್ರಲ್ಲ, ಅದಕ್ಕ ನಾ ಕೈ ಮುಗೀತೀನಿ. ನಮ್ಮಲ್ಲೂ ಬಾದಾಮಿ ಐತಿ. ಪುಲಿಕೇಶಿ ಮ್ಯಾಲ ದೊಡ್ಡ ಸಿನಿಮಾ ಅಂತ ಬಂದಿದ್ದು 1967ರಾಗ, ರಾಜ್‌ಕುಮಾರ್ ಅವ್ರದು. ಅದಾದ ಮ್ಯಾಲ ಬಾದಾಮಿ ಬಂಡಿ, ಪಟ್ಟದಕಲ್ಲು, ಗೋಳಗುಮ್ಮಟ ಅಂದ್ರ ಹಾಡಿಗೆ ಹಿಂದ ನಿಲ್ಲಿಸೋ ಗ್ವಾಡಿ ಅಷ್ಟ ಆಗ್ಯಾವ, ಎರಡು ದಿನ ಬರ್ತಾರ, ಕುಣದು ಹೋಗ್ತಾರ.

ಇನ್ನ ನಮ್ಮ ಮನಿ ಮಾತಿಗೆ ಬರ್ತೀನಿ. ರಾಜು ತಾಳಿಕೋಟಿ ಅವ್ರು 2025ರ ಅಕ್ಟೋಬರ್ 13ಕ್ಕ ತೀರಿಕೊಂಡ್ರು. ಶೂಟಿಂಗ್ ಸಲುವಾಗಿ ಉಡುಪಿ ಕಡೆ ಹೋಗಿದ್ರು, ಅಲ್ಲೇ ಹಾರ್ಟ್ ಅಟ್ಯಾಕ್ ಆತು. ನಮ್ಮ ಜಿಲ್ಲಾದ ಮನಷ್ಯಾ. ನಾಟಕ ಕಂಪನಿಯೊಳಗ ಹುಟ್ಟಿ ಬೆಳದವ್ರು, ಧಾರವಾಡ ರಂಗಾಯಣದ ಡೈರೆಕ್ಟರ್ ಆಗಿದ್ರು. ಅವ್ರ ಕಲಿಯುಗದ ಕುಡುಕ ನಾಟಕದ ಕ್ಯಾಸೆಟ್ ಕೇಳದ ಮನಿ ನಮ್ಮ ಕಡೆ ಇತ್ತೇನ್ರಿ? ಟ್ರ್ಯಾಕ್ಟರ್‌ನಾಗ, ಟೆಂಪೋದಾಗ, ಚಾದಂಗಡ್ಯಾಗ, ಎಲ್ಲಿ ಹೋದ್ರೂ ಅದ ಧ್ವನಿ. ಬರೀ ಧ್ವನಿ ಮ್ಯಾಲ ಒಬ್ಬ ಕುಡುಕನ್ನ, ಅವನ ಮನಿಯನ್ನ, ಅವನ ಊರನ್ನ ಕಣ್ಣ ಮುಂದ ತಂದು ನಿಲ್ಲಸ್ತಿದ್ರು. ನಗಸ್ತಿದ್ರು, ನಗಸಾಕತ್ತಿದ್ದಂಗ ಎಲ್ಲೋ ಒಂದು ಕಡೆ ಕರಳು ಹಿಂಡತಿದ್ರು, ಕುಡುಕನ ಹೆಂಡ್ತಿಯ ಪಾಡು ಕೇಳಿ ಹೆಣ್ಣಮಕ್ಕಳು ಸೆರಗು ಕಣ್ಣಿಗೆ ಒತ್ತಿಕೊಂಡಿದ್ದನ್ನ ನಾ ನೋಡೀನಿ. ಸಿನಿಮಾಕ್ಕ ಹೋದ್ರು, 2009ರ ಮನಸಾರೆ, 2010ರ ಪಂಚರಂಗಿ, ಮತ್ತ ಭಾಳ ಸಿನಿಮಾ ಮಾಡಿದ್ರು. ಸಣ್ಣ ಸಣ್ಣ ಪಾತ್ರ. ಬಂದ್ರ ನಗಬೇಕು, ಹೋಗಬೇಕು. ಆ ಮನಷ್ಯಾನ್ನ ನಡುವ ಇಟ್ಕೊಂಡು, ಎರಡು ತಾಸಿನ ಕತಿ ಅವ್ರ ಹೆಗಲ ಮ್ಯಾಲ ಹಾಕೋ ಧೈರ್ಯ ನಮ್ಮ ಸಿನಿಮಾ ರಂಗ ಮಾಡಲಿಲ್ಲ. ಇದನ್ನ ಹೇಳೂಮುಂದ ನನಗ ಸಿಟ್ಟೂ ಬರ್ತೈತಿ, ಅಳೂನೂ ಬರ್ತೈತಿ.

ಹಂಗ ಮಾಡಿದ್ರ ಏನಾಗ್ತಿತ್ತು ಅನ್ನೂದಕ್ಕ ಪುರಾವೆ ಬೇಕಂದ್ರ ಎರಡು ಹೇಳ್ತೀನಿ. ಒಂದು ರಂಗಾಯಣ ರಘು ಅವ್ರು. ಎಷ್ಟು ವರ್ಷ ಅವ್ರನ್ನ ಕಣ್ಣು ಬಿಡಿಸಿ, ಒದರಿಸಿ, ಕಾಮಿಡಿ ಮಾಡಿಸಿದ್ರು. 2024ರ ಶಾಖಾಹಾರಿ ನೋಡ್ರಿ, ಮಲೆನಾಡಿನ ಒಂದು ಸಣ್ಣ ಹೋಟೆಲ್ ನಡಸೋ ಮುದುಕ, ಮಾತು ಕಡಿಮಿ, ಕೆಲಸ ಜಾಸ್ತಿ. 2025ರ ಅಜ್ಞಾತವಾಸಿ ನೋಡ್ರಿ, ಅದರಾಗ ಪೊಲೀಸ್, ಧ್ವನಿ ಏರಿಸೂದ ಇಲ್ಲ ಅವ್ರು. ಇಷ್ಟು ದಿನ ಈ ಮನಷ್ಯಾನ್ನ ಎಲ್ಲಿ ಇಟ್ಟಿದ್ರು ಅನಸ್ತೈತಿ.

ಇನ್ನೊಂದು ಪಂಚಾಯತ್ ಅನ್ನೋ ಹಿಂದಿ ವೆಬ್ ಸೀರೀಸ್‌ನಾಗ ಪ್ರಹ್ಲಾದ್ ಪಾತ್ರ, ಫೈಸಲ್ ಮಲಿಕ್ ಅವ್ರು ಮಾಡಿದ್ದು. ಮೊದಲನೇ ಸೀಸನ್ ಪೂರಾ ಅವ್ರು ಪಂಚಾಯ್ತಿ ಆಫೀಸಿನ ಕಟ್ಟೀ ಮ್ಯಾಲ ಕುಂತು ಹರಟಿ ಹೊಡ್ಯೋ ಉಪಪ್ರಧಾನ, ಅಂದ್ರ ಪಂಚಾಯ್ತಿ ಉಪಾಧ್ಯಕ್ಷ, ದಪ್ಪ ಮೈ, ನಗು ಮಾರಿ, ಅಷ್ಟ. ಎರಡನೇ ಸೀಸನ್ನಿನ ಕಡೀಕ ಮಿಲಿಟ್ರಿಯೊಳಗ ಇದ್ದ ಅವ್ರ ಮಗನ ಹೆಣ ಊರಿಗೆ ಬರ್ತೈತಿ. ಆ ಮನಷ್ಯಾ ಏನೂ ದೊಡ್ಡ ಮಾತು ಆಡೂದಿಲ್ಲ. ನಿನ್ನೆ ತನಕ ಹೆಂಗ ಮಾತಾಡ್ತಿದ್ರೋ ಅದ ಭಾಷಾ, ಅದ ಧ್ವನಿ, ಆದ್ರ ಮಾತು ಪೂರ್ತಿ ಆಗೂದಿಲ್ಲ. ನಾವು ಅವ್ರ ಜೋಡಿ ನಕ್ಕು ನಕ್ಕು ಮನಿ ಮಂದಿ ಆಗಿರ್ತೀವಲ್ಲ, ಅದಕ್ಕ ಆ ದುಃಖ ನಮ್ಮ ಮನಿದ ಆಗ್ತೈತಿ. ಯಾವ ಮಾತು ನಗಸ್ತಿತ್ತೋ ಅದ ಮಾತು ಅಳಸ್ತು. ನಮ್ಮ ಭಾಷಾಕ್ಕೂ ಇದು ಬರ್ತೈತಿ ಅಂತ ಯಾಕ ಯಾರಿಗೂ ತಿಳೀವಲ್ದು?

ಪಂಚಾಯತ್ ಬಗ್ಗೆ ಇನ್ನೊಂದು ಮಾತು ಹೇಳಿ ಮುಂದ ಹೋಗ್ತೀನಿ. 2020ರಾಗ ಚಾಲೂ ಆಗಿದ್ದು, 2025ಕ್ಕ ನಾಕನೇ ಸೀಸನ್ ಬಂತು. ಮೊದಲಿನ ಎರಡು ಬಂಗಾರ. ಮೂರು, ನಾಕನೇದರಾಗ ಬರೀ ಎಲೆಕ್ಷನ್ ಗುದ್ದಾಟ, ಆ ಪಾರ್ಟಿ ಈ ಪಾರ್ಟಿ, ಸಣ್ಣ ಸಣ್ಣ ಊರ ಸುದ್ದಿ ಎಲ್ಲಾ ಮಾಯ ಆದ್ವು. ಆದ್ರ ಹೆಂಡ್ತಿ ಗೆದ್ದು ಗಂಡ ಅಧಿಕಾರ ನಡಸೋ ಕತಿ ಐತಲ್ಲ, ಅದನ್ನ ಉತ್ತರ ಪ್ರದೇಶದ ಹಳ್ಳಿ ಮ್ಯಾಲ ನೋಡಬೇಕಾ ನಾವು? ನಮ್ಮ ರಾಜ್ಯದಾಗ ಪಂಚಾಯ್ತಿಯೊಳಗ ಹೆಣ್ಣಮಕ್ಕಳಿಗೆ ಮೀಸಲಾತಿ 1987ರ ಎಲೆಕ್ಷನ್‌ದಿಂದ ಐತಿ, ಇಡೀ ದೇಶಕ್ಕ ಕಾಯ್ದೆ ಬರೂಕಿಂತ ಮೊದಲ. ಗಂಡನ ಮಾತು ಕೇಳದ ಖುರ್ಚಿ ಮ್ಯಾಲ ಗಟ್ಟ್ಯಾಗಿ ಕುಂತ ಅವ್ವಗೋಳು ನಮ್ಮ ತಾಲೂಕಿನಾಗ ಎಷ್ಟ್ ಮಂದಿ ಅದಾರ, ಒಂದು ಸೀರೀಸ್ ಸಾಲೂದಿಲ್ಲ ಅವ್ರ ಕತಿಗೆ.

ನಮ್ಮ ಕಡೆ ಸಿನಿಮಾ ಬಂದ ಇಲ್ಲ ಅಂತ ನಾ ಹೇಳೂದಿಲ್ಲ. ಗುರುದೇವ್ ಹೊಯ್ಸಳ 2023ರಾಗ ಬಂತು, ಬೆಳಗಾವ್ಯಾಗ ನಡ್ಯೋ ಕತಿ, ಡಾಲಿ ಧನಂಜಯ ಪೊಲೀಸ್, ಜಾತಿ ಬಿಟ್ಟು ಲಗ್ನ ಆದ ಹುಡುಗ ಹುಡುಗಿನ್ನ ಬೆನ್ನ ಹತ್ತೋ ಸುದ್ದಿ. ವಿಷಯ ಖರೇನ ನಮ್ಮದು, ಮಾತೂ ನಮ್ಮ ಕಡೆದು ಹಾಕ್ಯಾರ. ಆದ್ರ ಅದು ಪೊಲೀಸ್ ಹೀರೋನ ಸಿನಿಮಾ, ಊರು ಅವನ ಹಿಂದ ನಿಂತೈತಿ, ಫೈಟ್ ಮುಗಿದ ಮ್ಯಾಲ ಬೆಳಗಾವಿ ಯಾವ ವಾಸನಿ ಅಂತ ನನ್ನ ಮನಸಿನ್ಯಾಗ ಉಳಿಲಿಲ್ಲ. ಅದ ವರ್ಷ ಕ್ಷೇತ್ರಪತಿ ಬಂತು, ನವೀನ್ ಶಂಕರ್ ಅವ್ರದು, ರೈತರ ಮ್ಯಾಲ. ಉದ್ದೇಶ ಭಾಳ ಛಲೋ. ಆದ್ರ ಅರ್ಧಕ್ಕ ಭಾಷಣ ಹತ್ತಿಬಿಡ್ತೈತಿ, ರೈತ ಮನಿಯೊಳಗ ಸುಮ್ಮನ ಕುಂತಿದ್ದನ್ನ ಇನ್ನೂ ಸ್ವಲ್ಪ ತೋರಿಸಿದ್ರ ಆ ಭಾಷಣ ಬ್ಯಾಡಾಗಿತ್ತು.

ನಾ ಎಲ್ಲಾರಿಗೂ ನೋಡ್ರಿ ನೋಡ್ರಿ ಅಂತ ಬೆನ್ನ ಹತ್ತೋ ಸಿನಿಮಾ ಫೋಟೋ. ಉತ್ಸವ್ ಗೋನವಾರ ಅವ್ರು ಮಾಡಿದ್ದು, 2024ರ ಮಾರ್ಚ್‌ದಾಗ ಥಿಯೇಟರಿಗೆ ಬಂತು, ಪ್ರಕಾಶ್ ರಾಜ್ ಅವ್ರು ಬೆನ್ನಿಗೆ ನಿಂತು ತಂದ್ರು. ರಾಯಚೂರು ಕಡೆ ಹಳ್ಳಿಯ ಸಣ್ಣ ಹುಡುಗ ದುರ್ಗ್ಯಾ, ವಿಧಾನಸೌಧದ ಮುಂದ ನಿಂತು ಒಂದು ಫೋಟೋ ತೆಗಿಸಿಕೋಬೇಕು ಅನ್ನೂದು ಅವನ ಆಸೆ. ಅಪ್ಪ ಬೆಂಗಳೂರಾಗ ಕೂಲಿ. ಹುಡುಗ ಅಪ್ಪನ ಹತ್ರ ಹೋಗ್ತಾನ, ಅಷ್ಟರಾಗ ಲಾಕ್‌ಡೌನ್ ಆಗ್ತೈತಿ, ಬಸ್ಸಿಲ್ಲ, ರೈಲಿಲ್ಲ, ಅಪ್ಪ ಮಗ ನಡಕೊಂತ ಊರಿಗೆ ಹೊಂಡ್ತಾರ. ಅಪ್ಪನ ಪಾತ್ರ ಮಾಡಿದವ್ರು ಮಹಾದೇವ ಹಡಪದ, ರಂಗಭೂಮಿಯವ್ರು. ಅವ್ವನ ಪಾತ್ರಕ್ಕ ಸಂಧ್ಯಾ ಅರಕೆರೆ, ಮುಂದ ಸು ಫ್ರಮ್ ಸೋದಾಗ ಭಾನು ಆಗಿ ನಮ್ಮನ್ನ ಸುಮ್ಮನ ಕೂಡಿಸಿದಾಕಿ ಅವ್ರ. ಈ ಸಿನಿಮಾದಾಗ ನಮ್ಮ ಕಡೆ ಮಾತು ಐತಿ, ಒಬ್ರೂ ನಗೂದಿಲ್ಲ. ಡಾಂಬರ್ ರೋಡ್, ಬಿಸಲು, ಹುಡುಗನ ಕಾಲು, ಅಪ್ಪ "ಇಲ್ಲೇ ಬಂತು" ಅನ್ನೋ ಧಾಟಿಯೊಳಗ ಹುಡುಗನ್ನ ಸಮಾಧಾನ ಮಾಡಿಕೊಂತ ಹೋಗೂದು. ಆ ರಸ್ತಾ ಮುಗ್ಯೂದಿಲ್ಲ ಅನ್ನೂದು ಅಪ್ಪಗ ಗೊತ್ತು, ನಮಗ ಗೊತ್ತು, ಹುಡುಗಗ ಗೊತ್ತಿಲ್ಲ. ಮ್ಯೂಸಿಕ್ ಹಾಕಿ ಅಳಸಾಕ ಹೋಗಿಲ್ಲ ಅವ್ರು. ನಮ್ಮ ಮಂದಿ ಕಷ್ಟಾನ ನಮ್ಮ ಮಾತಿನಾಗ, ಗೌರವದಿಂದ ಹೇಳೂದು ಹೆಂಗ ಅಂತ ಯಾರರ ಕೇಳಿದ್ರ ನಾ ಆ ಸಿನಿಮಾ ತೋರಸ್ತೀನಿ. ಎಷ್ಟ್ ಮಂದಿ ನೋಡೀರಿ, ಕೈ ಎತ್ರಿ ಅಂದಾಗ ಇಷ್ಟು ದೊಡ್ಡ ಹಾಲ್‌ನಾಗ ನಾಕು ಕೈ ಬಂದ್ವು. ಇದು ನಮ್ಮ ಜವಾಬ್ದಾರಿನೂ ಹೌದ್ರಿ. ದೊಡ್ಡ ಸ್ಟಾರ್ ಸಿನಿಮಾಕ್ಕ ಮುಂಜಾನೆ ಆರಕ್ಕ ಹಾಲಿನ ಪಾಕೀಟ ಹಿಡಕೊಂಡು ನಿಲ್ತೀವಿ, ಇಂಥಾದು ಬಂದ್ರ ಒಂದು ವಾರ ಥಿಯೇಟರ್‌ನಾಗ ನಿಲ್ಲೂದಿಲ್ಲ.

ಬಾಜೂ ಮನಿ ನೋಡ್ರಿ ಇನ್ನ. ವಿಜಯಪುರದಿಂದ ಸೊಲ್ಲಾಪುರ ನೂರು ಕಿಲೋಮೀಟರ್ ಆಜೂಬಾಜು. ಅದ ಸೊಲ್ಲಾಪುರ ಜಿಲ್ಲಾದ ಕರಮಾಳ ಕಡೆಯಿಂದ ನಾಗರಾಜ ಮಂಜುಳೆ ಅವ್ರು 2016ರಾಗ ಸೈರಾಟ್ ತಂದ್ರು. ಅದು ಪುಣೆಯವ್ರ ಮರಾಠಿ ಅಲ್ಲ, ಹಳ್ಳಿ ಮರಾಠಿ, ಹೊಸ ಹುಡುಗ, ಹೊಸ ಹುಡುಗಿ, ಕಬ್ಬಿನ ಹೊಲ, ಬಾವಿ. ನೂರು ಕೋಟಿ ಗಳಿಸಿದ ಮೊದಲ ಮರಾಠಿ ಸಿನಿಮಾ ಅದ. ನಮ್ಮ ಕಡೆ ಮಂದಿ ಮರಾಠಿಯೊಳಗ ನೋಡಿ ಹಾಡೆಲ್ಲಾ ಬಾಯಿಪಾಠ ಮಾಡಿದ್ರು. ಮರುವರ್ಷ ಕನ್ನಡಕ್ಕ ರೀಮೇಕ್ ಆಗಿ ಮನಸು ಮಲ್ಲಿಗೆ ಬಂತು, ಹೀರೋಯಿನ್ ಸೈತ ಅದ ರಿಂಕು ರಾಜಗುರು. ನನ್ನ ಪ್ರಕಾರ ಅದಕ್ಕ ಜೀವ ಬರಲಿಲ್ಲ, ಯಾಕಂದ್ರ ಆ ಕತಿ ನಿಂತಿದ್ದ ನೆಲಾ ಬದಲಾತು. ಆ ಜಾತಿ ಸಿಟ್ಟು, ಆ ಕಬ್ಬಿನ ರೊಕ್ಕದ ಸೊಕ್ಕು, ಆ ಬಿಸಲು, ಎಲ್ಲಾ ಬೆಳಗಾವಿ, ವಿಜಯಪುರ, ಬಾಗಲಕೋಟಿಯೊಳಗ ತಯಾರ ಇತ್ತು. ನಮ್ಮ ಕಡೆ ತಂದು ನಮ್ಮ ಮಾತಿನಾಗ ನಿಲ್ಲಿಸಿದ್ರ ರೀಮೇಕ್ ಅನ್ನೂದ ಮರ್ತು ಹೋಗ್ತಿತ್ತು.

ಈಗ ಸೀರೀಸ್ ಬಗ್ಗೆ ಸ್ವಲ್ಪ ಗಟ್ಟಿ ಹೇಳ್ತೀನಿ. 2025ರ ಮಾರ್ಚ್‌ದಾಗ ನೆಟ್‌ಫ್ಲಿಕ್ಸ್‌ನಾಗ ಅಡೋಲಸೆನ್ಸ್ ಅಂತ ಇಂಗ್ಲೆಂಡಿನ ಸೀರೀಸ್ ಬಂತು, ನಾಕ ಎಪಿಸೋಡ್. 13 ವರ್ಷದ ಹುಡುಗನ್ನ ಕೊಲೆ ಕೇಸಿನ್ಯಾಗ ಪೊಲೀಸ್ರು ಮುಂಜಾನೆ ಬಾಗಲಾ ಮುರದು ಎತ್ತಿಕೊಂಡು ಹೋಗ್ತಾರ. ಒಂದೊಂದು ಎಪಿಸೋಡ್ ಒಂದ ಶಾಟ್, ನಡುವ ಎಲ್ಲೂ ಕಟ್ ಇಲ್ಲ. ಮೂರನೇ ಎಪಿಸೋಡ್ ನೋಡ್ರಿ. ಒಂದು ರೂಮು, ಒಂದು ಟೇಬಲ್ಲು, ಹುಡುಗ ಮತ್ತ ಅವನ ಮನಸ್ಸು ತಿಳಕೊಳ್ಳಾಕ ಬಂದ ಒಬ್ಬಾಕಿ ಸೈಕಾಲಜಿಸ್ಟ್. ಅಕಿ ಅವನಿಗೆ ಬಿಸಿ ಚಾಕೊಲೇಟ್ ತಂದಿರ್ತಾಳ, ತನ್ನ ಊಟದ ಅರ್ಧ ಸ್ಯಾಂಡ್‌ವಿಚ್ ಕೊಡ್ತಾಳ. ಹುಡುಗ ನಗತಾನ, ಚಾಷ್ಟಿ ಮಾಡ್ತಾನ, ಒಮ್ಮಿಂದೊಮ್ಮೆಲೆ ಎದ್ದು ಒದರತಾನ, ಆ ಕಪ್ಪು ಚಲ್ಲಿ ಹೋಗ್ತೈತಿ, ಮತ್ತ ಸಣ್ಣ ಹುಡುಗ ಆಗಿ "ನಾ ನಿಮಗ ಇಷ್ಟ ಅದೀನಿಲ್ಲ?" ಅನ್ನೋ ಹಂಗ ಕೇಳ್ತಾನ. ಸುಮಾರು 50 ನಿಮಿಷ, ಇಬ್ಬರ ಮಂದಿ. ಆ ಹುಡುಗ ಓವನ್ ಕೂಪರ್, ಅದಕ್ಕಿಂತ ಮೊದಲ ಯಾವ ಪಾತ್ರಾನೂ ಮಾಡಿದವ ಅಲ್ಲ, ಶೂಟಿಂಗ್ ಚಾಲೂ ಆಗಿದ್ದ ಈ ಎಪಿಸೋಡಿನಿಂದ, 15ನೇ ವಯಸ್ಸಿಗೆ ಎಮ್ಮಿ ಅನ್ನೋ ಅಮೆರಿಕಾದ ದೊಡ್ಡ ಟಿವಿ ಅವಾರ್ಡ್ ತಗೊಂಡ. ಪ್ರಪಂಚೆಲ್ಲಾ ಕಟ್ ಇಲ್ಲದ ಶಾಟ್ ಅಂತ ಬಾಯಿ ಮ್ಯಾಲ ಬೆರಳ ಇಟ್ಕೊಂತು.

ನನಗ ಅದನ್ನ ನೋಡೂಮುಂದ ನಮ್ಮ ಕಂಪನಿ ನಾಟಕದವ್ರು ನೆನಪಾದ್ರು. ಬನಶಂಕರಿ ಜಾತ್ರಿಗೆ ಹೋಗ್ರಿ, ಬನದ ಹುಣ್ಣಿಮಿಯಿಂದ ಹಿಡದು ಒಂದು ತಿಂಗಳ ತನಕ ಸಾಲಾಗಿ ನಾಟಕದ ಟೆಂಟ್ ನಿಂತಿರ್ತಾವ, ದಿನಾ ಎರಡ ಮೂರ ಶೋ. ಮೂರು ತಾಸು, ರೀಟೇಕ್ ಇಲ್ಲ, ಮುಂದ ಕುಂತ ಮಂದಿ ಶಿಳ್ಳಿ ಹೊಡಿತಾರ, ಕೂಸು ಅಳತೈತಿ, ಬಾಜೂ ಟೆಂಟಿನ ಮೈಕ್ ಒದರತೈತಿ, ಅದರಾಗ ಒಬ್ಬ ನಟಿ ನಿಂತು ಸಾವಿರ ಮಂದಿನ್ನ ಸುಮ್ಮನ ಮಾಡ್ತಾಳ. ಕಟ್ ಇಲ್ಲದ ನಟನೆ ಇವ್ರಿಗೆ ದಿನದ ಕೂಲಿ. ಹೌದು, ಈಗಿನ ಭಾಳ ನಾಟಕದಾಗ ಡಬಲ್ ಮೀನಿಂಗ್ ಜಾಸ್ತಿ ಆಗೇತಿ, ನನಗೂ ಬ್ಯಾಸರ ಐತಿ ಅದರ ಬಗ್ಗೆ, ಟಿಕೆಟ್ ಹರಿಬೇಕಲ್ಲ ಅಂತಾರ ಅವ್ರು. ಆದ್ರ ಆ ಕಲಾವಿದ್ರ ತಾಕತ್ತು ಎಲ್ಲೂ ಹೋಗಿಲ್ಲ. ಒಳ್ಳೆ ಮಾತು ಬರದು ಕೊಟ್ಟ ನೋಡ್ರಿ. ಈ ಊರಿನ ರಂಗಮಂದಿರಕ್ಕ ಕಂದಗಲ್ ಹನುಮಂತರಾಯರ ಹೆಸರು ಐತಿ, ರಕ್ತರಾತ್ರಿ ಬರದವ್ರು, ರಾತ್ರಿ ಪೂರಾ ಮಂದಿ ನಿದ್ದಿ ಬಿಟ್ಟು ನೋಡಿದ ನಾಟಕ. ಬೀಳಗಿ ಅನ್ನೋ ಸಣ್ಣ ಊರಿಂದ ಹೋದ ಅಮೀರ್‌ಬಾಯಿ ಕರ್ನಾಟಕಿ 1943ರ ಹಿಂದಿ ಸಿನಿಮಾ ಕಿಸ್ಮತ್‌ಗೆ ಹಾಡಿ ದೇಶಾನ ತಿರುಗಿಸಿದ್ರು. ಏಣಗಿ ಬಾಳಪ್ಪನವ್ರು ನೂರು ವರ್ಷ ದಾಟಿ ಬದುಕಿದ್ರು, ಜೀವಮಾನ ಪೂರಾ ನಾಟಕ. ಕಲಾವಿದ್ರ ಬರಗಾಲ ನಮಗ ಯಾವತ್ತೂ ಇದ್ದಿಲ್ಲ.

ಹಂಗಾರ ತೊಂದ್ರಿ ಎಲ್ಲಿ ಐತಿ ಅಂದ್ರ, ಕನ್ನಡ ಸೀರೀಸಿಗೆ ದುಡ್ಡು ಹಾಕಾವ್ರು ಕಡಿಮಿ. ಏಕಂ ಅಂತ ಒಂದು ಸೀರೀಸ್ ಐತಿ, ಕಾರ್ಕಳದ ಸುತ್ತ ನಡ್ಯೋ ಏಳು ಬ್ಯಾರೆ ಬ್ಯಾರೆ ಕತಿ, ಪ್ರಕಾಶ್ ರಾಜ್, ರಾಜ್ ಬಿ. ಶೆಟ್ಟಿ ಅಂಥವ್ರು ಮಾಡ್ಯಾರ, ರಕ್ಷಿತ್ ಶೆಟ್ಟಿ ಅವ್ರ ಸಿನಿಮಾ ಕಂಪನಿ ಪರಂವಃ ಅದರ ಹಿಂದ ಇತ್ತು. ಅಷ್ಟಿದ್ರೂ ನೆಟ್‌ಫ್ಲಿಕ್ಸ್‌ನಂಥ ಯಾವ ದೊಡ್ಡ ಓಟಿಟಿನೂ ತಗೋಳಿಲ್ಲ, ವರ್ಷಗಟ್ಟಲೆ ಕಾದು 2024ರ ಜುಲೈದಾಗ ತಮ್ಮದ ವೆಬ್‌ಸೈಟ್ ಮಾಡಿ ಬಿಟ್ರು. ಎಲ್ಲಾ ಎಪಿಸೋಡೂ ಒಂದ ತೂಕ ಅಂತ ನಾ ಹೇಳೂದಿಲ್ಲ, ಕೆಲವು ಭಾಳ ನಿಧಾನ, ಆದ್ರ ಒಂದು ಊರನ್ನ ಏಳು ಕಡಿಯಿಂದ ನೋಡೋ ಆ ಪ್ರಯತ್ನಕ್ಕ ಬೆಲಿ ಕಟ್ಟಾಕಾಗೂದಿಲ್ಲ. 2025ರಾಗ ಝೀ5 ಕನ್ನಡದಾಗ ಅಯ್ಯನ ಮನೆ ತಂತು, ಚಿಕ್ಕಮಗಳೂರು ಕಡೆ ಮನಿ, ಸಣ್ಣ ಸಣ್ಣ ಎಪಿಸೋಡು, ಖುಷಿ ರವಿ ಛಲೋ ಮಾಡ್ಯಾರ, ಒಂದ ರಾತ್ರಿಯೊಳಗ ನೋಡಿ ಮುಗಸಬಹುದು. ಬಾಗಲಾ ಸ್ವಲ್ಪ ತೆರದೈತಿ ಅಂತ ಆಸೆ ಹುಟ್ಟೈತಿ.

ಕತಿ ಇಲ್ಲ ಅಂತ ಯಾರೂ ಹೇಳಬ್ಯಾಡ್ರಿ. ಹಳೇ ಬಾಗಲಕೋಟಿ ಆಲಮಟ್ಟಿ ಹಿನ್ನೀರಿಗೆ ಹೋತು, ಮಂದಿ ಎದ್ದು ನವನಗರಕ್ಕ ಬಂದ್ರು. ಒಂದ ಓಣ್ಯಾಗ ಗೋಡಿಗೆ ಗೋಡಿ ಹಚ್ಚಿ ಬಾಳೇವು ಮಾಡಿದವ್ರು ಸೆಕ್ಟರ್ ನಂಬರಿನ್ಯಾಗ ಹಂಚಿ ಹೋದ್ರು. ಯಾರ ಹೊಲಕ್ಕ ಎಷ್ಟು ಪರಿಹಾರ ಬಂತು, ಅಣ್ಣತಮ್ಮರು ಆ ರೊಕ್ಕದ ಸಲುವಾಗಿ ಹೆಂಗ ಕೋರ್ಟಿಗೆ ಹೋದ್ರು, ಮುಳುಗಿದ ಗುಡಿಯ ದೇವ್ರನ್ನ ಎಲ್ಲಿ ಕೂಡಿಸಬೇಕು ಅಂತ ಎಷ್ಟು ಜಗಳ ಆದ್ವು, ಇದು ಹತ್ತು ಎಪಿಸೋಡಿನ ಮಾಲು. 2025ರ ನವೆಂಬರ್‌ದಾಗ ಬೆಳಗಾವಿ ಜಿಲ್ಲಾದ ಗುರ್ಲಾಪುರ ಕ್ರಾಸಿನ್ಯಾಗ ಕಬ್ಬಿನ ರೇಟಿಗೆ ರೈತರು ಹಗಲೂ ರಾತ್ರಿ ರೋಡಿನ ಮ್ಯಾಲ ಕುಂತ್ರು, ಟನ್ನಿಗೆ 3500 ಕೇಳಿದ್ರು, 3300ಕ್ಕ ಬಂದು ನಿಂತು. ಟಿವಿಯವ್ರು ಎರಡು ನಿಮಿಷ ತೋರಿಸಿದ್ರು. ಅಲ್ಲೇ ಒಲಿ ಹೂಡಿ ರೊಟ್ಟಿ ಬಡದ ಹೆಣ್ಣಮಕ್ಕಳು, ಕಾರ್ಖಾನ್ಯಾಗ ಕೆಲಸಕ್ಕ ಇರೋ ಮಗ, ಹೊರಗ ಧರಣಿ ಕುಂತ ಅಪ್ಪ, ಇವ್ರ ನಡುವ ಆ ವಾರ ಏನ್ ಮಾತಾತು? ಇಳಕಲ್‌ನ ಮಗ್ಗದ ಮನಿ, ಗುಳೇದಗುಡ್ಡದ ಖಣ, ದುಡ್ಯಾಕ ಗೋವಾಕ್ಕ ಹೋಗಿ ವರ್ಷಕ್ಕೊಮ್ಮೆ ಜಾತ್ರಿಗೆ ಬರೋ ಸಿಂದಗಿ, ಮುದ್ದೇಬಿಹಾಳದ ಕುಟುಂಬ. ಎಲ್ಲಾ ಕಾಯಾಕತ್ತಾವ.

ಮಾತು ಮುಗಿದ ಮ್ಯಾಲ ಬಂದ ಪ್ರಶ್ನೆ ಎರಡು ಬರೀತೀನಿ. ಒಬ್ಬ ಹುಡುಗ ಕೇಳಿದ, "ಸರ್, ನಮ್ಮ ಭಾಷಾ ಬರೀವಾಗ ಸ್ವಲ್ಪ ಹಗೂರ ಮಾಡಿ ಬರೀಬೇಕೇನ್ರಿ, ಮೈಸೂರು ಬೆಂಗಳೂರಿನವ್ರಿಗೆ ತಿಳಿಲಿ ಅಂತ?" ಬ್ಯಾಡೋ ತಮ್ಮಾ, ಒಂದಕ್ಷರ ಹಗೂರ ಮಾಡಬ್ಯಾಡ ಅಂದೆ. ಪಾತ್ರ ಏನ್ ಹೇಳಾಕತ್ತೈತಿ ಅನ್ನೂದು ಮಾರಿ ಮ್ಯಾಲ ಕಂಡ್ರ ಮಾತು ತಾನ ತಿಳಿತೈತಿ, ಮಂಡ್ಯದ ಹಳ್ಳಿಯೊಳಗ, ಎಂದೂ ಕ್ಯಾಮೆರಾ ನೋಡದ ಮುದುಕರನ್ನ ನಿಲ್ಲಿಸಿ ಮಾಡಿದ ತಿಥಿ ಸಿನಿಮಾ 2015ರಾಗ ಸ್ವಿಟ್ಜರ್‌ಲ್ಯಾಂಡಿನ ಲೊಕಾರ್ನೊ ಫೆಸ್ಟಿವಲ್‌ನಾಗ ಪ್ರಶಸ್ತಿ ತಗೊಂಡು ಬಂತು. ಅಲ್ಲಿಯವ್ರಿಗೆ ಮಂಡ್ಯದ ಕನ್ನಡ ಏನ್ ಗೊತ್ತಿತ್ತು?

ಇನ್ನೊಬ್ರು, ಕಂಪನಿ ನಾಟಕದಾಗ ಭಾಳ ವರ್ಷ ಪಾರ್ಟು ಮಾಡಿದ ಒಬ್ರು ಅವ್ವಾರು ಎದ್ದು ನಿಂತು, "ಯಪ್ಪಾ, ಎಲ್ಲಾ ಖರೇ ಹೇಳಿದಿ, ನಮ್ಮನ್ನ ಕರಿಯಾವ್ರು ಯಾರು?" ಅಂದ್ರು. ಅದಕ್ಕ ಅಲ್ಲಿದ್ದ ಹುಡುಗ್ರ ಕಡೆ ತಿರುಗಿ ನಾ ಇಷ್ಟ ಹೇಳಿದೆ, ನಿಮ್ಮ ಹತ್ರ ಕ್ಯಾಮೆರಾ ಐತಿ, ಎಡಿಟಿಂಗ್ ಬರ್ತೈತಿ, ಇವ್ರ ಹತ್ರ ನಲವತ್ತು ವರ್ಷದ ನಟನೆ ಐತಿ. ಮಳಿಗಾಲದಾಗ ಟೆಂಟ್ ಹಾಕೂದು ಕಡಿಮಿ, ಕಲಾವಿದ್ರು ಮನಿಯೊಳಗ ಇರ್ತಾರ. ಜೂನ್ ತಿಂಗಳದಾಗ ಇವ್ರ ಮನಿಗೆ ಹೋಗ್ರಿ, ಬರದಿದ್ದನ್ನ ಇವ್ರ ಮುಂದ ಓದ್ರಿ, ಯಾವ ಮಾತು ಬಾಯಾಗ ಕುಂಡ್ರೂದಿಲ್ಲ ಅಂತ ಇವ್ರು ಹೇಳಿದ ಕೂಡ್ಲೇ ಅಲ್ಲೇ ತಿದ್ರಿ, ಶ್ರಾವಣಕ್ಕ ಶೂಟಿಂಗ್ ಇಟ್ಕೋರಿ. ಮೂರು ಮಂದಿ ಹುಡುಗ್ರು ಆವಾಗ ಎದ್ದು ಬಂದು ಅವ್ವಾರ ನಂಬರ್ ಬರಕೊಂಡ್ರು.